ನಾಲ್ಕನೆಯ ದಿನದ ಮೀನು

ಮಾರ್ಚ್ ೧೭, ಭಾನುವಾರ ಬೆಳಗ್ಗೆ

ಪ್ರೀತಿಯ ತಮ್ಮನಿಗೆ,

ಹೇಗಿದ್ದೀಯ? ನಿನ್ನ ಹೆಂಡತಿಯ ಮಂಡಿನೋವು ಇಳಿಯಿತೇ? ನಿನ್ನ ಎರಡು ಪತ್ರಗಳಿಗೂ ಉತ್ತರ ಬರೆಯದಿದ್ದುದಕ್ಕೆ ಬೈದುಕೊಂಡಿರುತ್ತೀಯ. ಬೈಯಿ, ತಪ್ಪು ನನ್ನದೇ. ಮೂರು ಸಲ ಬರೆದು ಮೂರು ಸಲವೂ ಹರಿದೆ. ಈಗಲೂ ಎರಡು ಸಾಲು ಬರೆಯುವುದು, ಎದ್ದು ಹೋಗಿ ಮೀನಿನ ತೊಟ್ಟಿ ನೋಡಿ ಬರುವುದು. ಕಾಲು ಸುಟ್ಟ ಬೆಕ್ಕಿನ ಪಾಡಾಗಿದೆ ನನ್ನದು.

ವಿಷಯಕ್ಕೆ ಬರುತ್ತೇನೆ. ಗೇಣುದ್ದ ಇಲ್ಲದ ಮೀನನ್ನು ನೀರಿಗೆ ವಾಪಸ್ಸು ಬಿಡಬೇಕು ಎಂಬ ನಿಯಮ ಹನ್ನೊಂದು ವರ್ಷದ ಹಿಂದೆ ನನ್ನ ಪರೀಕ್ಷೆಯನ್ನು ನಂಬಿಯೇ ಬಂದದ್ದು. ಬಲೆಯಿಂದ ಬಿಡಿಸಿದ ಮೀನುಗಳನ್ನು ಆಗ ಮೂರು ದಿನ ತೊಟ್ಟಿಯಲ್ಲಿಟ್ಟು ನೋಡಿದ್ದೆ. ನೂರಕ್ಕೆ ತೊಂಬತ್ತು ಬದುಕಿದ್ದವು. ಈ ಚಳಿಗಾಲದಲ್ಲಿ ಹೊಸ ತೊಟ್ಟಿಗಳು ಬಂದವೆಂದು ಅದನ್ನೇ ಇನ್ನೊಮ್ಮೆ ಮಾಡಿದೆ. ಮೂರನೆಯ ದಿನ ಮುಗಿಸಿ ಏಳುವಾಗ, ತೊಟ್ಟಿ ನೋಡಿಕೊಳ್ಳುವವನು (ಹೊತ್ತು ತಪ್ಪದವನೆಂದು ಅವನಿಗೆ 'ಗಡಿಯಾರ' ಅನ್ನುತ್ತೇವೆ) "ಮೇಡಂ, ತೊಟ್ಟಿ ಹೇಗೂ ಖಾಲಿ ಬಿದ್ದಿರತ್ತೆ. ಇನ್ನೊಂದು ವಾರ ಇರ್ಲಿ ಬಿಡಿ, ನಾನು ನೋಡ್ಕೋತೀನಿ" ಅಂದ. ಹೂಂ ಅಂದೆ.

ನಾಲ್ಕನೆಯ ದಿನದಿಂದ ಸಾಯತೊಡಗಿದವು. ಹತ್ತನೆಯ ದಿನಕ್ಕೆ ಅರವತ್ತರಲ್ಲಿ ಇಪ್ಪತ್ತೊಂದು ಉಳಿದಿದ್ದವು.

ಬಲೆಯಲ್ಲಿ ಒದ್ದಾಡಿ ದಣಿದ ಮೀನಿನ ರಕ್ತ ಹುಳಿಯಾಗುತ್ತದೆ. ದೋಣಿಯ ಹಲಗೆಯ ಮೇಲೆ ಬಿದ್ದಷ್ಟು ಹೊತ್ತೂ ಅದಕ್ಕೆ ಉಸಿರಿಲ್ಲ. ಒಣಗೈಯಲ್ಲಿ ಹಿಡಿದರೆ ಮೈಯ ಲೋಳೆ ಕಿತ್ತುಬರುತ್ತದೆ, ಆ ಜಾಗದಲ್ಲಿ ಹುಣ್ಣಾಗುತ್ತದೆ. ಆದರೂ ನೀರಿಗೆ ಬಿಟ್ಟರೆ ಬಾಲ ಬೀಸಿ ಹೋಗುತ್ತದಲ್ಲ, ನಾವು ಬದುಕಿತು ಅಂದುಕೊಳ್ಳುತ್ತೇವೆ.

ನಮ್ಮ ಮೀನು ಸಂಶೋಧನಾ ಕೇಂದ್ರದ ನಿರ್ದೇಶಕರಿಗೆ ತೋರಿಸಿದೆ. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡು ಮತ್ತೆ ಒರೆಸಿದರು. "ಇದನ್ನ ಈಗ್ಲೇ ಹೊರಗೆ ಹೇಳೋದು ಬೇಡಮ್ಮ. ನಿಮ್ಮ ನಿವೃತ್ತಿಗೆ ಇನ್ನೆಷ್ಟು ದಿನ ಇದೆ? ಸುಮ್ನೆ ಕೆಸರಿಗೆ ಕಲ್ಲು ಯಾಕೆ ಹೊಡೀತೀರಿ?" ಅಂದರು. ಕೆಸರು ಮಾಡಿದವಳೇ ನಾನಲ್ಲವೇ, ಅಂದೆ.

ಶುಕ್ರವಾರ ಬಂದರಿನ ಹರಾಜುಕಟ್ಟೆಯಲ್ಲಿ ದೋಣಿಯವರನ್ನೆಲ್ಲ ಸೇರಿಸಿ ಹೇಳಿಬಿಟ್ಟೆ. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಹಿಂದಿನ ಸಾಲಿನಿಂದ ಒಬ್ಬ ಮುದುಕ ಎದ್ದು, "ಹಾಗಾದ್ರೆ ಹನ್ನೊಂದು ವರ್ಷ ನಾವು ನೀರಿಗೆ ಬಿಟ್ಟಿದ್ದು ಮೀನಲ್ಲ, ಹೆಣ ಅನ್ನಿ" ಅಂದ. "ಹೌದು, ಬಹಳಷ್ಟು" ಅಂದೆ. ಅವನು ಟೋಪಿ ಹಾಕಿಕೊಂಡು ಹೊರಟುಹೋದ. ಅವನ ಹಿಂದೆ ಅರ್ಧ ಜನ ಹೋದರು.

ಉಳಿದವರಿಗೆ ಇನ್ನೊಂದು ಮಾತು ಹೇಳಿದೆ, ನಿನಗೂ ಹೇಳುತ್ತೇನೆ. ದೋಣಿಯಲ್ಲಿ ಹರಿಯುವ ನೀರಿನ ತೊಟ್ಟಿಯೊಂದನ್ನು ಇಟ್ಟುಕೊಂಡು, ಒದ್ದೆ ಕೈಯಿಂದ ಬೇಗ ಬಿಡಿಸಿ, ಅರ್ಧ ಗಂಟೆ ಅದರಲ್ಲಿ ಸುಧಾರಿಸಿಕೊಳ್ಳಲು ಬಿಟ್ಟ ಮೀನುಗಳಲ್ಲಿ ಅರವತ್ತಕ್ಕೆ ನಲವತ್ತೊಂಬತ್ತು ಹತ್ತು ದಿನ ದಾಟಿವೆ. ನಾಲ್ಕು ದೋಣಿಯವರು ಮಾಡಿ ನೋಡುತ್ತೇವೆ ಅಂದಿದ್ದಾರೆ. ನೀನೂ ಮಾಡು ಎಂದು ಯಾವ ಮುಖ ಇಟ್ಟುಕೊಂಡು ಕೇಳಲಿ? ಆ ನಿಯಮಕ್ಕಾಗಿಯೇ ಅಲ್ಲವೇ, ನಿನ್ನ ಜೊತೆ ದೋಣಿ ನಡೆಸುತ್ತಿದ್ದ ಭಾವ, ಎಸೆದ ಮೀನು ಹೇಗೂ ಸಾಯುತ್ತದೆ ಎಂದು ಜಗಳವಾಡಿ ನಿನ್ನನ್ನು ಬಿಟ್ಟುಹೋದದ್ದು? ಅಂದಿನಿಂದ ನಿನ್ನ ಹೆಂಡತಿ ಸ್ವಂತ ಅಣ್ಣನ ಮನೆಯ ಹೊಸ್ತಿಲು ತುಳಿದಿಲ್ಲ.

ಮೊದಲು ಊಟ ಮಾಡು, ಆಮೇಲೆ ನನ್ನ ಮೇಲೆ ಸಿಟ್ಟಾಗು. ಹೊಟ್ಟೆ ಹಸಿದಾಗ ನಿನ್ನ ಸಿಟ್ಟಿಗೆ ತಲೆಬುಡ ಇರುವುದಿಲ್ಲ. ನೀವಿಬ್ಬರೂ ನೂರು ಕಾಲ ತಣ್ಣಗಿರಿ.

ನಿನ್ನ
ಅಕ್ಕ

ಮರೆತ ಮಾತು: ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು. ಹನ್ನೊಂದು ವರ್ಷದ ಹಿಂದೆ, ಲೆಕ್ಕ ಮುಗಿಸಿದ ಮರುದಿನ, ಅಂದರೆ ನಾಲ್ಕನೆಯ ಬೆಳಗ್ಗೆ ತೊಟ್ಟಿ ಖಾಲಿ ಮಾಡಿಸಲು ಹೋದೆ. ತಳದಲ್ಲಿ ಏಳು ಮೀನು ಸತ್ತು ಬಿದ್ದಿದ್ದವು. ವರದಿ ಅಷ್ಟರಲ್ಲಿ ಟೈಪಾಗಿತ್ತು, ಎಲ್ಲರೂ ಕೈ ಕುಲುಕಿದ್ದರು. ಏಳನ್ನೂ ನಾನೇ ಹೊರಗೆ ಹಾಕಿದೆ, ಎಲ್ಲೂ ಬರೆಯಲಿಲ್ಲ. ಜಗಳದ ದಿನ ನಿಮ್ಮ ಅಡುಗೆಮನೆಯಲ್ಲಿ ನಿನ್ನ ಭಾವ ನನ್ನನ್ನೇ ಕೇಳಿದನಲ್ಲ, "ಅಕ್ಕಾ, ನೀವೇ ಹೇಳಿ, ಎಸೆದಿದ್ದು ನಿಜವಾಗ್ಲೂ ಬದುಕತ್ತಾ?" ಎಂದು. ಆಗ ಆ ಏಳೂ ನನ್ನ ಕಣ್ಣ ಮುಂದೆ ಬಂದವು. "ಬದುಕತ್ತಪ್ಪ" ಅಂದೆ. ನೀನು ನನ್ನ ಮಾತು ಹಿಡಿದು ಅವನನ್ನು ಹೊರಗೆ ಕಳಿಸಿದೆ.

ಅವನು ಹೇಳಿದ್ದೇ ಸರಿಯಿತ್ತು ಎಂದು ಅವನಿಗೂ ಬರೆದಿದ್ದೇನೆ. ಅದನ್ನು ನಿನ್ನೆಯೇ ಅಂಚೆಗೆ ಹಾಕಿದೆ, ಇದನ್ನು ಮತ್ತೆ ಹರಿಯಬಾರದೆಂದು.