ಹಕ್ಕಿಗೆ ಬಿಟ್ಟ ಹಣ್ಣು

ಲೋ ಧರ್ಮರಾಯ,

ಬೆಳಿಗ್ಗೆ ಹಿತ್ತಲ ಬಾಗಿಲು ತೆಗೆದು ನೋಡಿದೆ. ಸೇಬಿನ ಮರದ ತುಂಬ ಕೊಳೆತ ಹಣ್ಣು ಜೋತಾಡುತ್ತಿವೆ, ಮೈಯೆಲ್ಲ ಬೂಷ್ಟು. ಒಂದನ್ನು ಕೀಳಲು ಹೋದರೆ ಹೆಬ್ಬೆರಳು ಒಳಕ್ಕೇ ಇಳಿಯಿತು. ಥೂ! ಎಷ್ಟು ಸೋಪು ಹಾಕಿದರೂ ನಾತ ಹೋಗಲಿಲ್ಲ. ಇದೇ ಕೈಯಲ್ಲಿ ನಿನ್ನ ತಿಂಡಿ ಮಾಡಿಟ್ಟಿದ್ದೇನೆ, ತಿನ್ನು.

ಕೀಳೋ ಅಂದಾಗಲೆಲ್ಲ "ಅಮ್ಮ ಇದ್ದಾಗ ಹಕ್ಕಿಗೆ ಅಂತ ಬಿಡ್ತಿರ್ಲಿಲ್ವಾ, ಅಕ್ಕಾ?" ಅನ್ನುತ್ತೀಯ. ಬಿಡುತ್ತಿದ್ದಳು, ನಿಜ.

ನಾನು ಕೆಲಸದಿಂದ ಬರುವಷ್ಟರಲ್ಲಿ ಕೊಳೆತದ್ದು ಒಂದೂ ಮರದಲ್ಲಿರಬಾರದು. ಕೆಳಗೆ ಬಿದ್ದದ್ದನ್ನೂ ಆರಿಸು. ಗೊಬ್ಬರದ ಗುಂಡಿಗೆ ಮಾತ್ರ ಸುರಿಯಬೇಡ. ಈ ಥಂಡಿಯಲ್ಲಿ ಗುಂಡಿ ಬಿಸಿಯಾಗದೆ ಆ ಬೂಷ್ಟು ಸಾಯುವುದಿಲ್ಲ, ಮುಂದಿನ ಸಲ ಪ್ಲಮ್ ಗಿಡಕ್ಕೂ ಹತ್ತುತ್ತದೆ. ಚೀಲಕ್ಕೆ ತುಂಬಿ, ಬಾಯಿ ಬಿಗಿದು, ಕಸದ ಗಾಡಿಗೆ ಕೊಡು. ಗ್ಲೌಸು ಒಲೆಯ ಪಕ್ಕ ಒಣಗಿಸಿಟ್ಟಿದ್ದೇನೆ, ಹಾಕಿಕೋ. ನಿನ್ನ ಕೈ ಮೊದಲೇ ಚಳಿಗೆ ಒಡೆದಿದೆ.

ತುದಿಕೊಂಬೆಯಲ್ಲಿ ಒಂದೇ ಒಂದು ಹಣ್ಣು ಕೆಂಪಗೆ, ಕಲೆಯಿಲ್ಲದೆ ಉಳಿದಿದೆ. ಬಾಯಲ್ಲಿ ನೀರೂರಿದರೂ ಅದಕ್ಕೆ ಕೈ ಹಾಕಬೇಡ. ಅಮ್ಮ ಹಕ್ಕಿಗೆ ಬಿಡುತ್ತಿದ್ದದ್ದು ಅಂಥದ್ದನ್ನು. ನೀನು ಬಿಟ್ಟದ್ದನ್ನು ಕಾಗೆಯೂ ಮೂಸಿಲ್ಲ.

ಅಕ್ಕ