ಕೋಲಾರದ ತಿರುವಿನಲ್ಲಿ ನೀನು ನಿಲ್ಲಿಸದ ಬಸ್ಸು

ಅಪ್ಪಾ,

ನೀನಿರುವ ಕಡೆ ತಿಂಡಿ ತೀರ್ಥ ಹೇಗಿದೆಯೋ ಗೊತ್ತಿಲ್ಲ. ಚೆನ್ನಾಗಿಲ್ಲದಿದ್ದರೆ ಅಲ್ಲೂ ಯಾರಿಗೋ ಮುಖಕ್ಕೆ ಹೇಳಿ ಹೊರಗೆ ನಿಂತಿರುತ್ತೀಯ. ಸಮಾಧಾನವಾದ ಮೇಲೆ ಬರೆಯೋಣ ಅಂತಿದ್ದೆ. ಆಗಲಿಲ್ಲ. ನಿನ್ನ ಮೇಲೆ, ನಿನ್ನ ಕಂಡಕ್ಟರ್ ಬಶೀರ್ ಚಾಚಾನ ಮೇಲೆ, ಆ ಹಳದಿ ಬೋರ್ಡಿನ ಹೋಟೆಲಿನ ಮೇಲೆ ಇರುವ ಸಿಟ್ಟನ್ನೆಲ್ಲ ಕಟ್ಟಿಕೊಂಡೇ ಕೂತಿದ್ದೇನೆ.

ಆ ಹೋಟೆಲು ಶುರುವಾದದ್ದು ನೆನಪಿದೆಯಾ? ಎಮರ್ಜೆನ್ಸಿ ಮುಗಿದ ಮರುವರ್ಷ. ನಾನಾಗ ಏಳನೇ ಕ್ಲಾಸು. ಅಲ್ಲಿಯವರೆಗೆ ನಮ್ಮ ಮುಳಬಾಗಿಲಲ್ಲಿ ಹೋಟೆಲೆಂದರೆ ಬೆಂಚಿನ ಮೇಲೆ ಕೂತು, ಮಾಣಿ ಬರುವವರೆಗೆ ಕಾದು ತಿನ್ನುವುದು. ಇಲ್ಲಿ ಬೆಂಚೇ ಇರಲಿಲ್ಲ. ಟೋಕನ್ ಕೊಟ್ಟರೆ, ಬನ್ನು ಸೀಳಿ ಒಳಗೆ ಬಿಸಿ ಆಲೂವಡೆ ಒತ್ತಿ, ಚಟ್ನಿ ಸವರಿ ಕೈಗೆ ಕೊಡುತ್ತಿದ್ದರು. ನಿಂತೇ ತಿಂದು ಹೊರಡುವುದು. ಮುಳಬಾಗಿಲು, ಶ್ರೀನಿವಾಸಪುರ, ಕೋಲಾರ, ಮಾಲೂರು, ನಾಲ್ಕು ಕಡೆಯೂ ಅದೇ ಹಳದಿ ಬೋರ್ಡು, ಅದರ ಮೇಲೆ 'ನಾಲ್ಕೂರಿಗೂ ಒಂದೇ ರುಚಿ' ಅಂತ ಬರಹ. ಹೋಟೆಲಿನವನು ನಿನ್ನ ಬಸ್ಸಿನ ಸಾಹುಕಾರರ ಭಾವಮೈದ. ಹಾಗಾಗಿ ಮುಳಬಾಗಿಲಿನಿಂದ ಮಾಲೂರಿಗೆ ನೀನು ಓಡಿಸುತ್ತಿದ್ದ ಬಸ್ಸು ಕೋಲಾರ ದಾಟಿ, ಮಾಲೂರು ರಸ್ತೆಯ ತಿರುವಿನಲ್ಲಿದ್ದ ಅವನ ಅಂಗಡಿ ಮುಂದೆ ನಿಲ್ಲಲೇಬೇಕಿತ್ತು.

ಆ ಬೇಸಿಗೆ ರಜೆಯಲ್ಲಿ ಒಂದು ದಿನ ನನ್ನನ್ನು ನಾಲ್ಕೂರಿಗೂ ಕರೆದುಕೊಂಡು ಹೋದೆ. ಅವರು ಹೇಳೋದು ನಿಜವೋ ಸುಳ್ಳೋ ನೋಡೇಬಿಡೋಣ ಅಂದೆ. ಊರಿಂದೂರಿಗೆ ಬಸ್ಸು ಬದಲಿಸುತ್ತ, ಪ್ರತಿ ಊರಿನಲ್ಲೂ ಒಂದು ಬನ್ನು ಕೊಂಡು ಮುರಿದು ಅರ್ಧರ್ಧ ತಿಂದೆವು. ಶ್ರೀನಿವಾಸಪುರದ್ದು ಎಲ್ಲಕ್ಕಿಂತ ಚೆನ್ನಾಗಿತ್ತು. ಚಟ್ನಿಗೆ ಅವರು ಮಾವಿನಕಾಯಿ ಹಾಕುತ್ತಿದ್ದರು. ಮುಳಬಾಗಿಲಿನದಕ್ಕೆ ಉಪ್ಪು ಹೆಚ್ಚು, ಆದರೂ ವಡೆ ಗರಿಗರಿ. ಮಾಲೂರಿನಲ್ಲಿ ರೈಲಿಗೆ ಓಡುವ ಜನ ಬಾಣಲೆಯಿಂದಲೇ ಕಿತ್ತುಕೊಂಡು ಹೋಗುತ್ತಿದ್ದದ್ದರಿಂದ ವಡೆ ಆರಲು ಪುರುಸೊತ್ತೇ ಇರಲಿಲ್ಲ. ಕೋಲಾರದ್ದನ್ನು ಮಾತ್ರ ನಾನು ಬಾಯಲ್ಲಿಟ್ಟು ಉಗಿದೆ. ನೀನು ಬೈಯಲಿಲ್ಲ. ನಿನ್ನ ಪಾಲನ್ನು ಮೂಸಿ, ಬಿಸಾಡದೆ ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡೆ. ಆ ತಿರುವಿನಲ್ಲಿ ನೀನು ಅಷ್ಟು ದಿನ ತಿಂದದ್ದೇ ಬೇರೆಯಂತೆ. ಡ್ರೈವರು ಕಂಡಕ್ಟರಿಗೆಂದು ಪರದೆಯ ಹಿಂದೆ ಬೇರೆ ಹೆಂಚಿನಲ್ಲಿ ತುಪ್ಪದ ದೋಸೆ ಹುಯ್ಯುತ್ತಿದ್ದರಂತೆ. ಪ್ಯಾಸೆಂಜರು ತಿನ್ನುವುದನ್ನು ನೀನು ತಿಂದದ್ದು ಅವತ್ತೇ ಮೊದಲು.

ಸಂಜೆಯ ಹೋಗುವ, ಬರುವ ಟ್ರಿಪ್ಪುಗಳಲ್ಲಿ ಹಿಂದಿನ ಸೀಟಿನ ಕೆಳಗೆ ಮುಚ್ಚಿದ ಪಾತ್ರೆಗಳು ಬರುತ್ತಿದ್ದವು. ಮಾಲೂರಿನದೂ ಮುಳಬಾಗಿಲಿನದೂ ಕೋಲಾರದಲ್ಲಿ ಇಳಿಯುತ್ತಿದ್ದವು. ಖಾಲಿ ಪಾತ್ರೆ ಅಂದುಕೊಂಡಿದ್ದೆ ನೀನು. ಒಂದು ಸಂಜೆ ದೇವರಾಯಸಮುದ್ರದ ಕೆರೆಯ ಹತ್ತಿರ ಬ್ರೇಕು ಹಾಕಿದಾಗ ಒಂದು ಪಾತ್ರೆಯ ಮುಚ್ಚಳ ಹಾರಿ ಬಸ್ಸೆಲ್ಲ ನಾರಿತು. ಬೆಳಗಿನ ಆಲೂಪಲ್ಯ, ನೊರೆ ಬಂದಿತ್ತು. ನೀನು ಕೋಲಾರದ ಅಡಿಗೆಯವನನ್ನು ಕೇಳಿದರೆ ಅವನು ಮುಚ್ಚುಮರೆಯಿಲ್ಲದೆ ಹೇಳಿದ: "ಮೂರೂರಲ್ಲಿ ಮಿಕ್ಕಿದ್ದು ಇಲ್ಲಿಗೇ ಬರ್ತದೆ ಮುನೆಂಕಟಪ್ಪ. ಬೆಳಿಗ್ಗೆ ಒಗ್ಗರಣೆ ಹಾಕಿದ್ರೆ ಯಾರಿಗೂ ಗೊತ್ತಾಗಲ್ಲ. ನಿಮ್ ಬಸ್ಸೋರು ಒಂದ್ಸಲ ತಿಂದು ಹೋಗೋರು, ತಿರುಗಿ ಬಂದು ಜಗಳ ಆಡ್ತಾರಾ?"

ಹಳಸಿದ್ದನ್ನು ಅಲ್ಲಿಗೆ ಹೊತ್ತು ತಂದದ್ದು ನಿನ್ನದೇ ಬಸ್ಸು. ನೀನು ಸಾಹುಕಾರರಿಗೆ ಹೇಳಿದೆ. ಅವರು ನಕ್ಕು, ನಿನ್ನ ದೋಸೆಗೆ ತುಪ್ಪ ಕಮ್ಮಿಯಾಯಿತೇ ಅಂತ ಕೇಳಿದರಂತೆ.

ಆಮೇಲೆ ಆ ಹೆಂಗಸು. ಮಾಲೂರಿನ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಹೊರಟಿದ್ದವಳು, ತುಂಬಿದ ಬಸುರಿ. ತಿರುವಿನಲ್ಲಿ ಬನ್ನು ತಿಂದವಳು ಮಾಲೂರು ಮುಟ್ಟುವ ಮೊದಲೇ ವಾಂತಿ ಮಾಡಿಕೊಂಡು ಸೀಟಿನಿಂದ ಕೆಳಗೆ ಜಾರಿದಳು. ನೀನು ಬಸ್ಸನ್ನು ಜನರ ಸಮೇತ ಆಸ್ಪತ್ರೆಯೊಳಕ್ಕೇ ಓಡಿಸಿದೆ. ಅವಳು ಉಳಿದಳು. ಹೊಟ್ಟೆಯಲ್ಲಿದ್ದದ್ದು... ಬೇರೆ ಕಾರಣವೂ ಇರಬಹುದು ಅಂದರಂತೆ ಡಾಕ್ಟರು. ನೀನು ಅದನ್ನು ನಂಬಿದೆಯಾ? ನಾನಂತೂ ಇವತ್ತಿಗೂ ನಂಬಿಲ್ಲ.

ಮರುದಿನ ಬೆಳಿಗ್ಗೆ ಕೋಲಾರದ ಸ್ಟ್ಯಾಂಡಿನಲ್ಲಿ ನೀನು ಸೀಟಿನಿಂದ ಎದ್ದು ಹಿಂದೆ ತಿರುಗಿ ಹೇಳಿದೆ: "ಹಸಿವಾದೋರು ಇಲ್ಲೇ ತಿನ್ಕೊಂಡ್ ಬನ್ನಿ, ಕಾಯ್ತೀನಿ. ಮುಂದೆ ತಿರುವಲ್ಲಿ ನಾನು ನಿಲ್ಸಲ್ಲ. ಅಲ್ಲಿ ಕೊಡೋದು ಹಳಸಿದ್ದು. ಅದನ್ನ ತಂದು ಹಾಕಿರೋನೂ ನಾನೇ." ಹಾರ್ನ್ ಕೂಡ ಹಾಕದೆ ಆ ಬೋರ್ಡು ದಾಟಿದೆ. ಅದರ ಮರುದಿನವೂ ಅಷ್ಟೇ. ವಾರ ತುಂಬುವುದರೊಳಗೆ ಸಾಹುಕಾರರು ಬಸ್ಸಿನ ಕೀಲಿ ಕಸಿದುಕೊಂಡರು.

ಅವತ್ತು ಅಮ್ಮ ರಾಗಿ ಹಸನು ಮಾಡುತ್ತ ಕೂತಿದ್ದಳು. ಮೊರ ಕೆಳಗಿಟ್ಟು, "ಒಂದು ಬನ್ನಿಗೋಸ್ಕರ ಅನ್ನ ಕಳ್ಕೊಂಡ್ ಬಂದ್ರಾ?" ಅಂದಳು. ನೀನು "ಪೋನೀಲೇ" ಅಂದೆ. ಹೋಗಲಿ ಬಿಡು ಅನ್ನುವುದನ್ನು ನೀನು ಯಾವಾಗಲೂ ತೆಲುಗಿನಲ್ಲೇ ಅನ್ನುತ್ತಿದ್ದದ್ದು. ಆ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಯಾಕಪ್ಪ ಹೋಗಲಿ? ತಪ್ಪು ಮಾಡಿದವನು ಅಂಗಡಿಗೆ ಸುಣ್ಣ ಹೊಡೆಸಿಕೊಂಡು ಆರಾಮಾಗಿದ್ದ. ಬೇಡ ಅಂದವನು ಮನೆಯಲ್ಲಿ ಕೂತಿದ್ದ. ತಾಲ್ಲೂಕು ಕಚೇರಿಗೆ ಹೋಗಬಹುದಿತ್ತು, ಬೀದಿಯಲ್ಲಿ ನಿಂತು ಕೂಗಬಹುದಿತ್ತು. ನೀನು ಒಂದೂ ಮಾಡಲಿಲ್ಲ. ಬಸ್ಸು ನಿಲ್ಲಿಸದಿದ್ದರೆ ಸಾಕು ಅಂದುಕೊಂಡೆಯಲ್ಲ, ಅಷ್ಟಕ್ಕೇ...

ಯಾವ ಬಸ್ಸಿನವರೂ ನಿನ್ನನ್ನು ಸೇರಿಸಿಕೊಳ್ಳಲಿಲ್ಲ. ಕೊನೆಗೆ ಮಾಲೂರಿನ ಗೂಡಿನಲ್ಲಿ ಇಟ್ಟಿಗೆ ಲಾರಿ ಓಡಿಸಲು ಹೋದೆ. ಭಾನುವಾರ ಮನೆಗೆ ಬಂದರೆ ತಲೆ, ರೆಪ್ಪೆ, ಕಿವಿ ಎಲ್ಲ ಕೆಂಪು ಧೂಳು. ವರ್ಷ ಕಳೆದಂತೆ ಧೂಳು ಎದೆಗೂ ಇಳಿಯಿತು. ನಾನು ಟೀಚರಾಗಿ ಮೊದಲ ದಿನ ಸ್ಕೂಲಿಗೆ ಹೊರಟಾಗ ನೀನು ಬಾಗಿಲವರೆಗೆ ಬರಲಿಕ್ಕೂ ಗೋಡೆ ಹಿಡಿಯಬೇಕಾಯಿತು. ಕೆಮ್ಮು ಜಾಸ್ತಿಯಾದಾಗ ಒಮ್ಮೆ ನನ್ನನ್ನು ಕೇಳಿದೆ: "ಆ ಬಸ್ಸಲ್ಲಿ ಇದ್ರಲ್ಲ, ಅವ್ರಲ್ಲಿ ಒಬ್ರಾದ್ರೂ ನನ್ ಮಾತು ಕಿವಿಗೆ ಹಾಕ್ಕೊಂಡಿರ್ತಾರೇನಮ್ಮ?" ನಾನು ಔಷಧಿ ತರುತ್ತೇನೆ ಅಂತ ಎದ್ದು ಹೋದೆ.

ಹಳದಿ ಬೋರ್ಡು ಇನ್ನೂ ಇದೆ ಅಪ್ಪ. ಬಂಗಾರಪೇಟೆಯಲ್ಲೂ ಒಂದು ತೆರೆದಿದ್ದಾರೆ. ಅವರಿಗೆ ದೇವರು ನೋಡಿಕೊಂಡ ಅಂತ ನಿನಗೆ ಬರೆಯಬೇಕೆಂದು ಆಸೆಯಿತ್ತು. ಯಾರೂ ನೋಡಿಕೊಳ್ಳಲಿಲ್ಲ.

ನಿನ್ನ ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಬಶೀರ್ ಚಾಚಾ ಬಂದ. ಅಷ್ಟು ವರ್ಷ ನಿನ್ನ ಜೊತೆ ಟಿಕೆಟ್ ಹರಿದವನು, ನಿನ್ನ ಕೆಲಸ ಹೋದ ಮೇಲೆ ನಮ್ಮ ಬೀದಿಯಲ್ಲೇ ಕಾಣಿಸಿಕೊಂಡಿರಲಿಲ್ಲ. ಜಗಲಿಯ ತುದಿಯಲ್ಲಿ ಕೂತು, ತಲೆಯೆತ್ತದೆ, ಮುನೆಂಕಟಪ್ಪನಿಗೆ ಹೇಳಬೇಕಾದ್ದು ಒಂದು ಉಳಿದುಹೋಗಿದೆ ಅಂದ. ನಿನ್ನ ಜಾಗಕ್ಕೆ ಬಂದ ಹೊಸ ಡ್ರೈವರು ಮೊದಲ ದಿನವೇ ತಿರುವಿನಲ್ಲಿ ಬಸ್ಸು ನಿಲ್ಲಿಸಿ, ತಿಂಡಿಗೆ ಇಳೀರಿ ಅಂದನಂತೆ. ಯಾರೂ ಏಳಲಿಲ್ಲವಂತೆ. ಮುಂದಿನ ಸೀಟಿನಲ್ಲಿ ಕುರುಡುಮಲೆಯ ಹೂವಿನ ಮುದುಕಿಯೊಬ್ಬಳು ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, "ಆ ಡ್ರೈವರಪ್ಪ ಬೇಡ ಅಂದವ್ನೆ, ನಾವು ಇಳಿಯಲ್ಲ. ನೀನು ತಿನ್ಕೊಂಡ್ ಬಾ, ಕಾಯ್ತೀವಿ" ಅಂದಳಂತೆ. ಬಿಸಿಲಿನಲ್ಲಿ ಬಸ್ಸಿಗೆ ಬಸ್ಸೇ ಸುಮ್ಮನೆ ಕೂತಿತ್ತಂತೆ. ಅದರ ಮರುದಿನವೂ, ಇನ್ನೂ ಎಷ್ಟೋ ದಿನವೂ. ಆಮೇಲೆ ಹೋಟೆಲಿನವರೇ ತಟ್ಟೆ ಹಿಡಿದು ಕಿಟಕಿಗೆ ಬರತೊಡಗಿದರು, ಹಸಿದವರು ಒಬ್ಬೊಬ್ಬರಾಗಿ ಕೈ ಚಾಚಿದರು. ಅದನ್ನು ನಿನ್ನಿಂದ ಮುಚ್ಚಿಡುವುದಿಲ್ಲ.

ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ ಚಾಚಾ, ಅಪ್ಪ ಬದುಕಿದ್ದಾಗ ಬಂದು ಇದೊಂದು ಮಾತು ಹೇಳೋದಕ್ಕೆ ಏನಾಗಿತ್ತು ಅಂತ ಕೇಳಿದೆ.

"ಹೇಳಿದ್ರೆ, ಆಗ ನೀನೆಲ್ಲಿದ್ದೆ ಬಶೀರ್ ಅಂತ ಕೇಳ್ತಿದ್ದ ಅವ್ನು," ಅಂದ. "ನಾನು ಇಳ್ದು ಹೋಗಿ ಪರದೆ ಹಿಂದೆ ಕೂತು ದೋಸೆ ತಿಂತಿದ್ದೆ ಬೇಟಿ."

ಎದ್ದು ಹೋಗಿ ಅಂದೆ. ಹಾಗೇ ಅಂದೆ ಅಪ್ಪ, ಮನೆಗೆ ಬಂದವನಿಗೆ. ಅವನು ಚಪ್ಪಲಿಗೆ ಕಾಲು ಹಾಕಿದ್ದ. ಅಷ್ಟರಲ್ಲಿ ಒಳಗಿನಿಂದ ಅಮ್ಮ ಬಂದು ಹೊಸ್ತಿಲ ಮೇಲೆ ಕೂತಳು. ನನ್ನ ಕಡೆ ನೋಡಲೂ ಇಲ್ಲ.

"ಬಶೀರಣ್ಣ, ಆ ಮುದುಕಿ ಏನಂದ್ಲು," ಅಂದಳು. "ಇನ್ನೊಂದ್ಸಲ ಹೇಳಿ. ಮೊದ್ಲಿಂದ ಹೇಳಿ."

ನಿನ್ನ ಮಗಳು,
ರತ್ನ