ಮದ್ದು ತೆಗೆಸಿದ್ದು

ಅರಕಲಗೂಡು,
೧೪-೬-೧೯೬೧, ಬುಧವಾರ

ಪುಟ್ಟಿಯ ಅಪ್ಪನವರಿಗೆ ನಮಸ್ಕಾರ.

ಬೊಂಬಾಯಿಯಲ್ಲಿ ಮಳೆ ಹಿಡಿದಿರಬೇಕು. ನಿಮ್ಮ ಸೊಂಟದ ನೋವು ಹೇಗಿದೆ? ಪುಟ್ಟಿಗೆ ಎರಡು ಹಲ್ಲು ಬಂದಿವೆ. ಹಾಲು ಕುಡಿಯುವಾಗ ಅವಳು ಒಮ್ಮೆ ಕೆಮ್ಮಿದರೂ ಇವಳಿಗೂ ಗಂಟಲು ಕಟ್ಟಿತೇ ಎಂದು ಎತ್ತಿ ಬೆನ್ನು ತಟ್ಟುತ್ತೇನೆ. ನಿದ್ದೆ ಅನ್ನುವುದೇ ಮರೆತುಹೋಗಿದೆ.

ಅತ್ತೆಯವರಿಗೆ ಈಗ ಗಂಜಿಯ ತಿಳಿಯೂ ಇಳಿಯುತ್ತಿಲ್ಲ. ಹೋದ ತಿಂಗಳು ಮೈಸೂರಿನಲ್ಲಿ ಗಂಟಲಿಗೆ ಕೊಳವೆ ಇಳಿಸಿ ಚೂರು ತೆಗೆದಿದ್ದರಲ್ಲ, ಅದರ ವರದಿ ಬಂತು. ಅನ್ನನಾಳದ ಕ್ಯಾನ್ಸರ್, ಅದರಲ್ಲೂ ಬಲು ಅಪರೂಪದ ಜಾತಿ. ಓಟ್ ಎಂಬ ಕಾಳಿನ ಹಾಗೆ ಸಣ್ಣ ಸಣ್ಣ ಕಣಗಳಂತೆ. ಶ್ವಾಸಕೋಶದಲ್ಲಿ ಕಾಣುವಂಥದ್ದು, ಅನ್ನನಾಳದಲ್ಲಿ ತಾವು ಕಂಡದ್ದು ಇದೇ ಮೊದಲು ಎಂದು ಡಾಕ್ಟರು ಬರೆದಿದ್ದಾರೆ. ಹಬ್ಬುವುದು ಬಹಳ ಬೇಗವಂತೆ. ತಡಮಾಡದೆ ಕಿರಣದ ಚಿಕಿತ್ಸೆ ಕೊಡಿಸಿದರೆ ನುಂಗುವಷ್ಟು ದಾರಿಯಾದರೂ ಬಿಡಬಹುದು, ಕರೆತನ್ನಿ ಎಂದಿದ್ದಾರೆ.

ಇದನ್ನೆಲ್ಲ ಬಿಡಿಸಿ ಹೇಳಿದರೆ ನಿಮ್ಮ ಚಿಕ್ಕಮ್ಮ, "ಕಾಲೇಜ್ ಓದ್ದೋಳಲ್ವಾ, ಮದ್ದು ಆಕಿದ್ದನ್ನೂ ಇಂಗ್ಲೀಷಲ್ಲೇ ಏಳ್ತಾಳೆ ಕಣ್ರವ್ವಾ" ಎಂದು ಪಡಸಾಲೆಯಲ್ಲಿ ಕೂತವರನ್ನೆಲ್ಲ ನಗಿಸಿದರು. ಊಟದಲ್ಲಿ ನಾನು ಮದ್ದಿಕ್ಕಿದ್ದೇನಂತೆ, ಅದು ಗಂಟಲಲ್ಲಿ ಬೇರು ಬಿಟ್ಟಿದೆಯಂತೆ! ಮೊನ್ನೆ ಹೊಳೆನರಸೀಪುರದ ಕಡೆಯಿಂದ ಮದ್ದು ತೆಗೆಯುವವನೊಬ್ಬನನ್ನು ಕರೆಸಿದರು. ಯಾವುದೋ ಸೊಪ್ಪಿನ ರಸ ಹುಯ್ದು, ಉಗುರು ತುಂಬ ಕೊಳೆಯಿದ್ದ ಬೆರಳನ್ನು ಆ ಹುಣ್ಣುಗಂಟಲಿಗೆ ತುರುಕಿ ವಾಂತಿ ಮಾಡಿಸಿದ. ಲೋಳೆ, ರಕ್ತ. ಅದರೊಳಗಿಂದ ಕೂದಲಿನ ಉಂಡೆಯೊಂದನ್ನು ಎತ್ತಿ ತೋರಿಸಿದ. ಬೆರಳ ಸಂದಿಯಿಂದ ಅವನೇ ಅದನ್ನು ಜಾರಿಸಿದ್ದನ್ನು ನಾನು ಕಣ್ಣಾರೆ ಕಂಡೆ. ಆ ನಾತಕ್ಕಿಂತ, ಕತ್ತು ಚಾಚಿ ನೋಡಿ ತಲೆದೂಗಿದ ಮುಖಗಳೇ ನನಗೆ ಹೇಸಿಗೆ ತಂದವು. ಅತ್ತೆಯವರ ಬಾಯಿಗೆ ನಾನು ಹನಿ ನೀರೂ ಬಿಡಕೂಡದೆಂದು ಅಂದೇ ಕಟ್ಟು ಮಾಡಿದರು. ಚಿಕ್ಕಮ್ಮ ಕುಡಿಸುವ ಗಂಜಿ ಗಟ್ಟಿ. ಮೂಗಿನಿಂದ ವಾಪಸು ಬರುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ. ಪುಟ್ಟಿ ನಿಮ್ಮ ಫೋಟೋ ನೋಡಿ ನಗುತ್ತಾಳೆ.

ಇಂತು,
ನೀಲಾಂಬಿಕೆ

ಇನ್ನೊಂದು ಮಾತು. ಚಿಕ್ಕಮ್ಮ ಬರೆಸಿದ್ದ ದೂರಿಗೆ ನೀವು ಬರೆದ ಉತ್ತರ ನಿನ್ನೆ ಬಂತು. ಓದಿ ಹೇಳುವ ಮೇಷ್ಟ್ರು ಮಗಳ ಮನೆಗೆಂದು ರುದ್ರಪಟ್ಟಣಕ್ಕೆ ಹೋಗಿದ್ದಾರೆ. ಮನೆಯಲ್ಲಿ ಅಕ್ಷರ ಬಲ್ಲವಳು ನಾನೊಬ್ಬಳೇ. ನನ್ನ ಕೈಗೇ ಕೊಟ್ಟರು. "ಅವಳ ಕೈಯಿಂದ ಅಮ್ಮನಿಗೆ ಏನೂ ಕೊಡಿಸಬೇಡಿ, ಯಾವುದಕ್ಕೂ ಹುಷಾರಾಗಿರಿ." ಅತ್ತೆಯವರ ಮಂಚದ ಪಕ್ಕದಲ್ಲೇ ನಿಂತು, ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದೆ. ಅವರು ಕಣ್ಣು ಬಿಟ್ಟು, "ಅಲ್ಲಿ ಕುಂತು ಅವ್ನೇನು ಕಂಡಾನು. ನೀಲಾ, ನೀನೇ ನೀರ್ ಬುಡವ್ವ" ಎಂದರು. ಎಲ್ಲರ ಎದುರೇ ಚಮಚದಲ್ಲಿ ಬಿಟ್ಟೆ. ನಾಲ್ಕರಲ್ಲಿ ಒಂದು ಇಳಿಯಿತು. ನಾಳೆ ಬೆಳಗಿನ ಬಸ್ಸಿಗೆ ಅವರನ್ನು ಮೈಸೂರಿಗೆ ಕರೆದುಕೊಂಡು ಹೊರಟಿದ್ದೇನೆ. ಇದು ಅಪ್ಪಣೆ ಕೇಳಿ ಬರೆದ ಕಾಗದವಲ್ಲ. ಬರುವುದಾದರೆ ಆಸ್ಪತ್ರೆಗೇ ಬನ್ನಿ, ನಿಮ್ಮ ತಾಯಿಯನ್ನು ನೋಡಲು.